ಸೊನ್ನೆ ಬೇರೆ, ಸಿಕ್ಕದ ಲೆಕ್ಕ ಬೇರೆ

ಗಣಕಯಂತ್ರದ ಭಾಷೆಯೊಂದನ್ನು ಕುರಿತು ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಬರೆಯಹೊರಟರೆ “ಇವನಿಗೇಕೆ ಈ ಉಸಾಬರಿ?” ಎಂದು ಸಹಪಾಠಿ ಮಿತ್ರರು ಕೇಳಬಹುದು. ಅದಕ್ಕೆ ನನ್ನ ಉತ್ತರ ಇಷ್ಟೆ. ಭೂಗೋಳವು ನನ್ನ ಐಚ್ಛಿಕ ವಿಷಯ. ಭೂಗೋಳದ ವಿದ್ಯಾರ್ಥಿಗೆ ಕೋಷ್ಟಕಗಳಿಂದ ಬಿಡುಗಡೆಯಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಮಳೆಯ ಲೆಕ್ಕವನ್ನು ಕೂಡಿಸಿ, ಸರಾಸರಿ ತೆಗೆದು ತೋರಿಸುವ ಸಲುವಾಗಿ ನಾನು ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ಅಷ್ಟಿಷ್ಟು ಅಭ್ಯಾಸ ಮಾಡಿದೆನು. ಆ ಅಭ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ವಿಚಾರಯೋಗ್ಯವಾಗಿ ಕಂಡುದು ದೊಡ್ಡ ಸೂತ್ರಗಳಲ್ಲ. ಕೋಷ್ಟಕದಲ್ಲಿ ಬರಿದಾಗಿ ಉಳಿದ ಒಂದು ಮನೆ. ಅಲ್ಲಿ ಅಂಕಿಯೇ ಇಲ್ಲದಿದ್ದರೆ, ಇಲ್ಲವೆ ಅಂಕಿಯ ಜಾಗದಲ್ಲಿ ಅಂಕಿಯಲ್ಲದ್ದೇನೋ ಬಂದು ಕುಳಿತಿದ್ದರೆ ಯಂತ್ರವು ಏನು ಮಾಡುತ್ತದೆ, ನಾವು ಏನು ಮಾಡತಕ್ಕದ್ದು ಎಂಬುದೇ ಈ ಲೇಖನದ ವಿಷಯ.

ಮಳೆಯ ಲೆಕ್ಕವನ್ನೇ ಉದಾಹರಣೆಗೆ ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮ ಸೀಮೆ ಸಹ್ಯಾದ್ರಿಯ ಮಳೆಯ ಮರೆಗೆ ಬಿದ್ದುದು. ಭೀಮಾ, ಅಮರ್ಜಾ ನದಿಗಳು ಹರಿದರೂ ಹೊಲಗಳಲ್ಲಿ ಬಹುಭಾಗ ಆಕಾಶವನ್ನೇ ನಂಬಿದೆ. ಮಿರಗದ ಮಳೆ ಆದರೆ ಹೆಸರು, ಉದ್ದು, ತೊಗರಿಗಳ ಬಿತ್ತನೆ. ಉತ್ತರಿ, ಹಸ್ತದ ಮಳೆ ಆದರೆ ಬಿಳಿಜೋಳದ ಆಸೆ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲಬುರಗಿಯ ತೊಗರಿಬೇಳೆಯೂ ಈ ಕರಿಮಣ್ಣಿನ, ಈ ಮಳೆಯ ಕೂಸೇ. ಮಳೆ ತಪ್ಪಿದಾಗ ಸರಕಾರವು ಬರವನ್ನು ಘೋಷಿಸುವುದು ತಾಲೂಕನ್ನು ಘಟಕವಾಗಿಟ್ಟುಕೊಂಡು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾದುವು. ಅಂಥ ತೀರ್ಮಾನಕ್ಕೆ ಬೆಳೆಯ ಸ್ಥಿತಿ, ಮಣ್ಣಿನ ತೇವ ಮುಂತಾದ ಕುರುಹುಗಳನ್ನೂ ನೋಡುತ್ತಾರೆ. ಆದರೆ ಮೊದಲು ನೋಡುವುದು ಮಳೆಯ ಕೊರತೆಯನ್ನು. ಆದುದರಿಂದ ಮಳೆಯ ಪಟ್ಟಿಯ ಒಂದು ಮನೆಯಲ್ಲಿ ಏನಿದೆ ಎಂಬುದು ಕೇವಲ ಶಾಲೆಯ ಲೆಕ್ಕವಲ್ಲ; ರೈತನ ಒಂದು ವರುಷದ ಬಾಳಿನ ಪ್ರಶ್ನೆ.

ಮಳೆಮಾಪಕದಲ್ಲಿ ಕೂಡಿದ ನೀರನ್ನು ದಿನವೂ ಬೆಳಿಗ್ಗೆ 8-30 ಗಂಟೆಗೆ ಅಳೆದು, ಹಿಂದಿನ 24 ತಾಸುಗಳ ಮಳೆಯೆಂದು ಬರೆದಿಡುವುದು ಭಾರತೀಯ ಹವಾಮಾನ ಇಲಾಖೆಯ ಪದ್ಧತಿ. 2.5 ಮಿಲಿಮೀಟರು ಅಥವಾ ಹೆಚ್ಚು ಬಿದ್ದರೆ ಅದು ‘ಮಳೆಯ ದಿನ’. ಈಗ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾವಾಗಿಯೇ ಅಳೆದು ಸುದ್ದಿ ಕಳಿಸುವ ಮಾಪಕಗಳೂ ಇವೆ. ಇಂಥ ಪಟ್ಟಿಯ ಮನೆಯೊಂದರಲ್ಲಿ ಬರಬಹುದಾದ ಸಂಗತಿಗಳು ನಾಲ್ಕು. ಒಂದು, 12.4 ಎಂಬಂಥ ಅಳತೆ. ಎರಡು, 0 ಎಂಬ ಅಳತೆ. ಅಂದರೆ ಅಳೆದು ನೋಡಲಾಯಿತು, ನೀರಿರಲಿಲ್ಲ. ಮೂರು, ಅಳೆಯಲಾರದಷ್ಟು ಹನಿದಾಗ ಬರೆಯುವ ‘ಟ್ರೇಸ್’ ಎಂಬ ಮಾತು. ನಾಲ್ಕು, ಬರಿದು, ಅಂದರೆ ಅಳೆಯಲೇ ಇಲ್ಲ, ಇಲ್ಲವೆ ಅಳೆದುದು ನಮಗೆ ಮುಟ್ಟಲಿಲ್ಲ. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಅಜಗಜಾಂತರವಿದೆ. ಹವಾಮಾನ ಇಲಾಖೆಯು ಪ್ರಕಟಿಸುವ ಮಳೆಯ ನಕಾಶೆಗಳಲ್ಲಿ ‘ಮಳೆಯಿಲ್ಲ’ ಎಂಬುದಕ್ಕೆ ಒಂದು ಗುರುತು, ‘ಮಾಹಿತಿಯಿಲ್ಲ’ ಎಂಬುದಕ್ಕೆ ಮತ್ತೊಂದು ಗುರುತು ಇರುವುದು ಈ ಕಾರಣದಿಂದಲೇ.

ಈ ಭೇದವನ್ನು ಮರೆತರೆ ಏನಾಗುವುದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸುತ್ತೇನೆ. ಈ ಅಂಕಿಗಳು ವಿವರಣೆಗಾಗಿ ನಾನೇ ಇಟ್ಟುಕೊಂಡವು. ಯಾವ ದಫ್ತರದವೂ ಅಲ್ಲ. ಒಂದು ವಾರದಲ್ಲಿ ಆಳಂದಕ್ಕೆ 24 ಮಿ.ಮೀ., ಜೇವರ್ಗಿಗೆ 12 ಮಿ.ಮೀ. ಬಿದ್ದಿದೆ, ಅಫಜಲಪುರದ ಮನೆ ಬರಿದಾಗಿದೆ. ಆ ವಾರದ ವಾಡಿಕೆಯ ಮಳೆ 20 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಬರಿದನ್ನು ಸೊನ್ನೆಯೆಂದು ಹಿಡಿದರೆ ಮೊತ್ತ 36, ಮೂರರಿಂದ ಭಾಗಿಸಲು ಸರಾಸರಿ 12. ವಾಡಿಕೆಗಿಂತ ಶೇಕಡಾ 40 ಕಡಿಮೆ. ಬರಿದನ್ನು ಬಿಟ್ಟು ಎರಡರಿಂದ ಭಾಗಿಸಿದರೆ ಸರಾಸರಿ 18. ಶೇಕಡಾ 10 ಮಾತ್ರ ಕಡಿಮೆ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ಶೇಕಡಾ 19ರವರೆಗಿನ ಕೊರತೆ ‘ವಾಡಿಕೆ’. 20ರಿಂದ 59ರವರೆಗೆ ‘ಕೊರತೆ’. ಮಳೆ ಒಂದೇ, ಪಟ್ಟಿ ಒಂದೇ, ತೀರ್ಪುಗಳು ಎರಡು.

ಇದರ ತಿರುಗುಮುರುಗೂ ಉಂಟು. ಅಫಜಲಪುರದಲ್ಲಿ ನಿಜವಾಗಿಯೂ ಅಳೆದು 0 ಎಂದು ಬರೆದಿದ್ದಾರೆ ಎನ್ನೋಣ. ಲೆಕ್ಕ ಮಾಡುವವನು ಆ ಸೊನ್ನೆಯನ್ನು ‘ಏನೂ ಇಲ್ಲ’ವೆಂದು ತಿಳಿದು ಕೈಬಿಟ್ಟರೆ ಸರಾಸರಿ 12ರ ಬದಲು 18 ಆಗುವುದು, ನಿಜವಾದ ಕೊರತೆ ಕಾಗದದ ಮೇಲೆ ಮಾಯವಾಗುವುದು. ಬರಿದನ್ನು ಸೊನ್ನೆ ಮಾಡುವುದು ಒಂದು ಸುಳ್ಳು. ಸೊನ್ನೆಯನ್ನು ಬರಿದು ಮಾಡುವುದು ಇನ್ನೊಂದು ಸುಳ್ಳು. ಜಾವಾಸ್ಕ್ರಿಪ್ಟಿನಲ್ಲಿ ಎಚ್ಚರ ತಪ್ಪಿದವನಿಗೆ ಈ ಎರಡೂ ಸುಳ್ಳುಗಳು ಅತಿ ಸುಲಭವಾಗಿ ಒದಗುತ್ತವೆ. ಹೇಗೆಂಬುದನ್ನು ಇನ್ನು ನೋಡಿರಿ.

ಈ ಭಾಷೆಯನ್ನು 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು ರಚಿಸಿದರು. ಅಂತರಜಾಲದ ಪುಟಗಳಿಗೆ ಚಲನೆ ಕೊಡುವುದು ಅದರ ಮೊದಲ ಉದ್ದೇಶ. ಪುಟದಲ್ಲಿ ಸಣ್ಣ ತಪ್ಪಿದ್ದರೆ ಕೆಲಸ ನಿಲ್ಲಬಾರದೆಂದು ಅದು ಬಹಳ ಉದಾರವಾಗಿ ವರ್ತಿಸುತ್ತದೆ. ಕೊಟ್ಟುದನ್ನು ಹೇಗಾದರೂ ಮಾಡಿ ಅರ್ಥಮಾಡಿಕೊಳ್ಳಲು ಹವಣಿಸುತ್ತದೆ. ಅತಿಥಿಗೆ ಈ ಔದಾರ್ಯ ಒಳ್ಳೆಯದು, ಲೆಕ್ಕದವನಿಗೆ ಒಳ್ಳೆಯದಲ್ಲ.

ವೇರಿಯಬಲ್ ಎಂದರೆ ಹೆಸರು ಬರೆದ ಒಂದು ಡಬ್ಬಿ ಎಂದು ತಿಳಿಯಿರಿ. ‘ಮಳೆ’ ಎಂದು ಹೆಸರಿಟ್ಟು ಅದರಲ್ಲಿ 24 ಎಂಬ ಬೆಲೆಯನ್ನು ಇಡುತ್ತೇವೆ. ಈ ಡಬ್ಬಿಯಲ್ಲಿ ಸರಿಯಾದ ಅಂಕಿ ಇಲ್ಲದಿರುವ ಬಗೆಗಳು ಮುಖ್ಯವಾಗಿ ನಾಲ್ಕು. ಡಬ್ಬಿಯಲ್ಲಿ ಯಾರೂ ಏನನ್ನೂ ಇಟ್ಟೇ ಇಲ್ಲವಾದರೆ, ಅಥವಾ ಇಲ್ಲದ ಡಬ್ಬಿಯನ್ನು ಪಟ್ಟಿಯಲ್ಲಿ ಕೇಳಿದರೆ, ಸಿಕ್ಕುವ ಬೆಲೆ ‘ಅನ್‌ಡಿಫೈನ್ಡ್’. “ಇಲ್ಲಿ ಬೆಲೆಯಿಲ್ಲ” ಎಂದು ಬೇಕೆಂದೇ ಚೀಟಿ ಹಚ್ಚಿಟ್ಟರೆ ಅದು ‘ನಲ್’. ಅಂಕಿಯ ಬದಲು ಒಂದೂ ಅಕ್ಷರವಿಲ್ಲದ ಬರಹ ಬಂದರೆ ಅದು ‘ಖಾಲಿ ಬರಹ’. ಫಾರಮು ತುಂಬುವವರು ಒಂದು ಮನೆಯನ್ನು ಬಿಟ್ಟಾಗ ನಮಗೆ ಮುಟ್ಟುವುದು ಸಾಮಾನ್ಯವಾಗಿ ಇದೇ. ಕೊನೆಯದು ‘ನ್ಯಾನ್’. ಇದು ‘ಸಂಖ್ಯೆಯಲ್ಲದ್ದು’ ಎಂಬರ್ಥದ ಮೂರು ಇಂಗ್ಲಿಷ್ ಶಬ್ದಗಳ ಮೊದಲಕ್ಷರಗಳಿಂದಾದ ಹೆಸರು. ಲೆಕ್ಕ ಮಾಡಹೋಗಿ ಉತ್ತರ ಬಾರದಾಗ ಯಂತ್ರ ಕೊಡುವ ಬೆಲೆ. ವಿನೋದವೇನೆಂದರೆ, ನ್ಯಾನ್ ಯಾವ ಜಾತಿಯದೆಂದು ಭಾಷೆಯನ್ನೇ ಕೇಳಿದರೆ “ಸಂಖ್ಯೆ” ಎಂದು ಉತ್ತರ ಬರುತ್ತದೆ! ಸಂಖ್ಯೆಯಲ್ಲದ್ದೂ ಸಂಖ್ಯೆಯ ಕುಲಕ್ಕೇ ಸೇರಿದ್ದು. ಏಕೆಂದರೆ ಅದು ಸಂಖ್ಯೆಗಳ ಲೆಕ್ಕದಲ್ಲಿಯೇ ಹುಟ್ಟುವಂಥದು. ಈ ಕಲ್ಪನೆ ಜಾವಾಸ್ಕ್ರಿಪ್ಟಿನದಲ್ಲ. ‘ಫ್ಲೋಟಿಂಗ್ ಪಾಯಿಂಟ್’ ಲೆಕ್ಕಕ್ಕಾಗಿ 1985ರಲ್ಲಿ ಗೊತ್ತುಪಡಿಸಿದ ‘ಐಇಇಇ 754’ ಎಂಬ ನಿಯಮಾವಳಿಯಿಂದ ಬಂದುದು. ಆ ಕಾರ್ಯದ ಮುಂದಾಳಾದ ವಿಲಿಯಂ ಕಹಾನ್ ಅವರಿಗೆ 1989ರ ಟ್ಯೂರಿಂಗ್ ಪುರಸ್ಕಾರ ಸಂದಿತು.

ಹೊರಗಿನಿಂದ ಬಂದ ಬರಹವನ್ನು ಸಂಖ್ಯೆಯಾಗಿ ಮಾರ್ಪಡಿಸಲು ‘ನಂಬರ್’ ಎಂಬ ಸಾಧನವಿದೆ. ಅದಕ್ಕೆ “24” ಎಂದು ಕೊಟ್ಟರೆ 24 ಬರುತ್ತದೆ, ಇದು ಸರಿ. “ಟ್ರೇಸ್” ಎಂದು ಕೊಟ್ಟರೆ ನ್ಯಾನ್ ಬರುತ್ತದೆ, ಇದೂ ಸರಿ. ಅನ್‌ಡಿಫೈನ್ಡ್ ಕೊಟ್ಟರೂ ನ್ಯಾನ್. ಆದರೆ ಖಾಲಿ ಬರಹವನ್ನು ಕೊಟ್ಟರೆ ಬರುವುದು 0! ಬರಿ ತೆರಪುಗಳಿರುವ ಬರಹಕ್ಕೂ 0. ನಲ್ ಕೊಟ್ಟರೂ 0. ಮೊದಲನೆಯ ಸುಳ್ಳು ಹುಟ್ಟುವುದು ಇಲ್ಲಿಯೇ. ಅಳೆಯದ ದಿನವು ಒಂದು ಕ್ಷಣದಲ್ಲಿ ಅಳೆದು ಒಣಗಿದ ದಿನವಾಗಿಬಿಡುತ್ತದೆ. ಯಂತ್ರ ಒಂದು ಮಾತಿನ ಎಚ್ಚರಿಕೆಯನ್ನೂ ಕೊಡುವುದಿಲ್ಲ.

‘ಪಾರ್ಸ್‌ಫ್ಲೋಟ್’ ಎಂಬ ಇನ್ನೊಂದು ಸಾಧನವಿದೆ. ಅದು ಬರಹದ ಮೊದಲಿನಿಂದ ಓದುತ್ತ ಹೋಗಿ, ಅಂಕಿ ಮುಗಿದಲ್ಲಿ ನಿಂತುಬಿಡುತ್ತದೆ. ಖಾಲಿ ಬರಹಕ್ಕೆ ಅದು ನ್ಯಾನ್ ಎನ್ನುತ್ತದೆ, ಅಷ್ಟರಮಟ್ಟಿಗೆ ಮೇಲು. “12 ಮಿ.ಮೀ.” ಎಂಬುದನ್ನು ನಂಬರ್ ಒಪ್ಪದೆ ನ್ಯಾನ್ ಎಂದರೆ, ಇದು 12 ಎಂದು ಓದಿಕೊಳ್ಳುತ್ತದೆ. ಆದರೆ “1,25,000” ಎಂಬ ನಮ್ಮ ಲಕ್ಷದ ಬರವಣಿಗೆಯನ್ನು ಕೊಡಿರಿ: ಮೊದಲ ಅಲ್ಪವಿರಾಮದಲ್ಲಿ ನಿಂತು 1 ಎಂದು ಹೇಳುತ್ತದೆ. ಒಂದೂಕಾಲು ಲಕ್ಷ ರೂಪಾಯಿಯ ಪರಿಹಾರ ಒಂದು ರೂಪಾಯಿಯಾದರೆ ಯಾರನ್ನು ದೂರುವುದು? ಇಲ್ಲಿ ನಂಬರ್ ಸಾಧನವೇ ಮೇಲು; ಅದು ನ್ಯಾನ್ ಎಂದು ಹೇಳಿ ತನಗೆ ತಿಳಿಯಲಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ.

ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸತಕ್ಕ ಮಾತೊಂದಿದೆ. ಈ ಭಾಷೆಯಲ್ಲಿ ಡಬ್ಬಿಯ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ‘ಮಳೆ’ ಎಂದು ಬರೆಯಬಹುದು, ಯಂತ್ರಕ್ಕೆ ಅಭ್ಯಂತರವಿಲ್ಲ. ಆದರೆ ಅದರೊಳಗೆ ಇಡುವ ಅಂಕಿಯನ್ನು “೧೨” ಎಂದು ಕನ್ನಡದಲ್ಲಿ ಬರೆದರೆ ನಂಬರ್ ಸಾಧನವು ಅದನ್ನು ನ್ಯಾನ್ ಎನ್ನುತ್ತದೆ. ಹಳ್ಳಿಯ ಪುಸ್ತಕದಿಂದ ಕನ್ನಡ ಅಂಕಿಗಳಲ್ಲಿ ಇಳಿಸಿಕೊಂಡ ಪಟ್ಟಿಯೆಲ್ಲವೂ ‘ಸಂಖ್ಯೆಯಲ್ಲದ್ದು’ ಎನಿಸಿಕೊಳ್ಳುವುದು. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಯುನಿಕೋಡ್ ಪಟ್ಟಿಯಲ್ಲಿ ೦ದಿಂದ ೯ರವರೆಗಿನ ಕನ್ನಡ ಅಂಕಿಗಳು 3302ರಿಂದ 3311ರವರೆಗೆ ಸಾಲಾಗಿ ಕುಳಿತಿವೆ. ಪ್ರತಿಯೊಂದು ಅಂಕಿಯ ಸ್ಥಾನದಿಂದ 3302 ಕಳೆದರೆ ಅದರ ಬೆಲೆ ದೊರೆಯುತ್ತದೆ. ಲೆಕ್ಕಕ್ಕೆ ಮೊದಲು ಹೀಗೆ ಮಾರ್ಪಡಿಸಿಕೊಂಡರಾಯಿತು. ತಪ್ಪು ಪುಸ್ತಕ ಬರೆದವನದಲ್ಲ, ಕನ್ನಡದ್ದೂ ಅಲ್ಲ; ಮಾರ್ಪಾಡು ಮಾಡಿಕೊಳ್ಳುವ ಹೊಣೆ ಲೆಕ್ಕ ಬರೆಯುವವನದು.

ಇನ್ನು ನ್ಯಾನಿನ ಸ್ವಭಾವ. ಹಾಲಿಗೆ ಬಿದ್ದ ಹುಳಿಯಂತೆ ಅದು ಸೇರಿದ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಮುನ್ನೂರು ದಿನಗಳ ಮೊತ್ತದಲ್ಲಿ ಒಂದೇ ಒಂದು ನ್ಯಾನ್ ಇದ್ದರೂ ಇಡೀ ಮೊತ್ತ ನ್ಯಾನ್. ಮೊದಲ ನೋಟಕ್ಕೆ ಇದು ಕಾಟವೆನಿಸಿದರೂ ವಿಚಾರಿಸಿದರೆ ಉಪಕಾರವೇ. ಒಳಗೆ ದೋಷವಿದೆಯೆಂದು ಅದು ಕೂಗಿ ಹೇಳುತ್ತದೆ. ನಿಜವಾದ ಅಪಾಯವಿರುವುದು ಹೋಲಿಕೆಯಲ್ಲಿ. ನ್ಯಾನ್ ಯಾವುದಕ್ಕಿಂತಲೂ ದೊಡ್ಡದಲ್ಲ, ಚಿಕ್ಕದಲ್ಲ, ತನಗೆ ತಾನೂ ಸಮನಲ್ಲ. “ಮಳೆ 2.5ಕ್ಕಿಂತ ಕಡಿಮೆಯಿದ್ದರೆ ಒಣ ದಿನ, ಇಲ್ಲವಾದರೆ ಮಳೆಯ ದಿನ” ಎಂದು ಆಜ್ಞೆ ಬರೆದಿದ್ದೇವೆನ್ನಿ. ನ್ಯಾನ್ ಬಂದರೆ ಮೊದಲ ಮಾತು ಸುಳ್ಳಾಗಿ ಅದು ‘ಮಳೆಯ ದಿನ’ವಾಗುವುದು. ಅನ್‌ಡಿಫೈನ್ಡ್ ಬಂದರೂ ಹಾಗೆಯೇ. ನಲ್ ಅಥವಾ ಖಾಲಿ ಬರಹ ಬಂದರೆ ಅದನ್ನು ಸೊನ್ನೆಯೆಂದೆಣಿಸಿ ‘ಒಣ ದಿನ’ ಎನ್ನುವುದು. ಯಾರೂ ಅಳೆಯದ ಒಂದೇ ದಿನ, ಅದನ್ನು ಬರಿದೆಂದು ಗುರುತಿಸಿದ ಬಗೆಯ ಮೇಲೆ, ಒಮ್ಮೆ ಮಳೆಯಾಗಿ ಒಮ್ಮೆ ಬರವಾಗಿ ತೋರುವುದೆಂದರೆ ಇದಕ್ಕಿಂತ ವಿಪರೀತ ಯಾವುದು?

ನ್ಯಾನನ್ನು ಗುರುತಿಸಲು ಮೊದಲಿನಿಂದ ಇದ್ದ ಸಾಧನ ‘ಇಸ್‌ನ್ಯಾನ್’. ಅದಕ್ಕೊಂದು ದುರಭ್ಯಾಸವಿದೆ, ಪರೀಕ್ಷೆಗೆ ಮೊದಲು ಕೊಟ್ಟುದನ್ನು ತಾನೇ ಸಂಖ್ಯೆ ಮಾಡಿಕೊಳ್ಳುತ್ತದೆ. ಆದ್ದರಿಂದ ಖಾಲಿ ಬರಹವನ್ನು ಸೊನ್ನೆ ಮಾಡಿಕೊಂಡು “ದೋಷವಿಲ್ಲ” ಎಂದುಬಿಡುತ್ತದೆ. 2015ರಲ್ಲಿ ಭಾಷೆಯ ನಿಯಮಾವಳಿ ಪರಿಷ್ಕೃತವಾದಾಗ ‘ನಂಬರ್.ಇಸ್‌ನ್ಯಾನ್’ ಮತ್ತು ‘ನಂಬರ್.ಇಸ್‌ಫೈನೈಟ್’ ಎಂಬ ಎರಡು ಸಾಧನಗಳು ಸೇರಿದುವು. ಇವು ಏನನ್ನೂ ಮಾರ್ಪಡಿಸದೆ, ಇದ್ದುದನ್ನು ಇದ್ದಂತೆ ಪರೀಕ್ಷಿಸುತ್ತವೆ. ಎರಡನೆಯದು ನನಗೆ ಹೆಚ್ಚು ಮೆಚ್ಚುಗೆಯಾದುದು. ಬೆಲೆಯು ನಿಜವಾದ, ಮಿತಿಯುಳ್ಳ ಸಂಖ್ಯೆಯಾದರೆ ಮಾತ್ರ ಅದು ‘ಹೌದು’ ಎನ್ನುತ್ತದೆ. ಬರಹ, ನಲ್, ಅನ್‌ಡಿಫೈನ್ಡ್, ನ್ಯಾನ್, ಅನಂತ ಇವೆಲ್ಲಕ್ಕೂ ‘ಅಲ್ಲ’ ಎನ್ನುತ್ತದೆ. ಅನಂತವು ಮಳೆಯ ಲೆಕ್ಕದಲ್ಲಿ ಎಲ್ಲಿಂದ ಬಂತೆಂದು ಆಶ್ಚರ್ಯಪಡಬೇಡಿರಿ. ಶೇಕಡಾವಾರು ಕೊರತೆ ತೆಗೆಯಲು ವಾಡಿಕೆಯ ಮಳೆಯಿಂದ ಭಾಗಿಸುತ್ತೇವೆ. ಬೇಸಗೆಯ ಒಂದು ವಾರದ ವಾಡಿಕೆ ಸೊನ್ನೆಯೆಂದಿದ್ದು, ಆ ವಾರ ಅಕಾಲದ 3 ಮಿ.ಮೀ. ಮಳೆ ಬಿದ್ದರೆ ಸೊನ್ನೆಯಿಂದ ಭಾಗಿಸಿದಂತಾಗಿ ಉತ್ತರ ಅನಂತವಾಗುವುದು. ಮಳೆಯೂ ಸೊನ್ನೆಯಾಗಿದ್ದರೆ ನ್ಯಾನ್ ಆಗುವುದು.

ಎರಡನೆಯ ಸುಳ್ಳು, ಎಂದರೆ ನಿಜವಾದ ಸೊನ್ನೆಯನ್ನು ಕಳೆದುಕೊಳ್ಳುವುದು, ಬೇರೊಂದು ಬಾಗಿಲಿನಿಂದ ಬರುತ್ತದೆ. ಬೆಲೆ ಇಲ್ಲದಿದ್ದರೆ ಅದರ ಬದಲು ಇನ್ನೊಂದನ್ನು ಹಿಡಿ ಎನ್ನಲು ಬಹುಕಾಲ || ಎಂಬ ಚಿಹ್ನೆಯನ್ನು ಬಳಸುತ್ತಿದ್ದರು. ಈ ಚಿಹ್ನೆಯ ದೃಷ್ಟಿಯಲ್ಲಿ ಸೊನ್ನೆಯೂ ‘ಇಲ್ಲದ್ದೇ’. “ಮಳೆ || ವಾಡಿಕೆ” ಎಂದು ಬರೆದರೆ, ಅಳೆದು ಬರೆದ 0 ಮಿ.ಮೀ. ಇರುವಲ್ಲಿ ವಾಡಿಕೆಯ ಮಳೆ ಬಂದು ಕೂಡುವುದು. ಬರ ಬಿದ್ದ ಹೊಲದಲ್ಲಿ ಕಾಗದದ ಮಳೆ ಸುರಿದಂತೆ! 2020ರಲ್ಲಿ ಇದಕ್ಕಾಗಿಯೇ ?? ಎಂಬ ಹೊಸ ಚಿಹ್ನೆಯನ್ನು ತಂದರು. ಅದು ನಲ್, ಅನ್‌ಡಿಫೈನ್ಡ್ ಇವೆರಡನ್ನೇ ‘ಇಲ್ಲದ್ದು’ ಎಂದು ಭಾವಿಸಿ ಸೊನ್ನೆಯನ್ನು ಗೌರವದಿಂದ ಉಳಿಸುತ್ತದೆ. ಆದರೆ ಅದು ನ್ಯಾನನ್ನೂ ಖಾಲಿ ಬರಹವನ್ನೂ ಹಾಗೆಯೇ ಬಿಟ್ಟುಬಿಡುತ್ತದೆ ಎಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ಕಪಟವಾದುದು ದಾರಿಯಲ್ಲಿ ನಡೆಯುವ ರೂಪಾಂತರ. ಒಂದು ಗಣಕದಿಂದ ಇನ್ನೊಂದಕ್ಕೆ ಪಟ್ಟಿಯನ್ನು ಕಳಿಸುವಾಗ ‘ಜೇಸನ್’ ಎಂಬ ಬರಹದ ರೂಪವನ್ನು ಬಳಸುವುದು ರೂಢಿ. ಆ ರೂಪದಲ್ಲಿ ನ್ಯಾನಿಗೆ ಸ್ಥಳವಿಲ್ಲ. ಆದ್ದರಿಂದ ಕಳಿಸುವಾಗ ಅದು ನಲ್ ಆಗುತ್ತದೆ. ಮುಟ್ಟಿದ ಕಡೆ ಯಾರಾದರೂ ಆ ನಲ್ಲನ್ನು ನಂಬರ್ ಸಾಧನಕ್ಕೆ ಕೊಟ್ಟರೆ ಅದು 0 ಆಗುತ್ತದೆ. “ತಿಳಿಯದು” ಎಂದು ಹೊರಟ ಸುದ್ದಿ ಊರು ಮುಟ್ಟುವಷ್ಟರಲ್ಲಿ “ಮಳೆಯಿಲ್ಲ” ಎಂದಾಯಿತು. ಯಾರೊಬ್ಬರೂ ಬೇಕೆಂದು ಸುಳ್ಳು ಹೇಳಲಿಲ್ಲ. ಆದರೂ ಸುಳ್ಳು ಹುಟ್ಟಿತು.

ಹಳೆಯ ಕಡತಗಳಲ್ಲಿ ಬರಿದಾದ ಮನೆಗೆ -999 ಎಂದು ಬರೆಯುವ ಪದ್ಧತಿಯೂ ಉಂಟು. ಇದು ಸಾಚಾ ಸಂಖ್ಯೆಯಾದ್ದರಿಂದ ಮೇಲಿನ ಎಲ್ಲ ಪರೀಕ್ಷೆಗಳನ್ನೂ ದಾಟಿ ಮೊತ್ತದೊಳಗೆ ಸೇರಿಬಿಡುತ್ತದೆ. ಆದುದರಿಂದ ಸಂಖ್ಯೆಯೆಂದು ಖಚಿತವಾದ ಮೇಲೂ ಅದು ಸಂಭವನೀಯವೇ ಎಂದು ಕೇಳಬೇಕು. ಮಳೆ ಸೊನ್ನೆಗಿಂತ ಕಡಿಮೆ ಇರಲಾರದು. ಆದರೆ ಮೇಲಿನ ಮಿತಿಯನ್ನು ಗೊತ್ತುಮಾಡುವಾಗ ಕೈ ಬಿಗಿಯಾಗಬಾರದು. 2020ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳನ್ನು ಮುಳುಗಿಸಿದುದನ್ನು ನಾವು ಕಂಡಿದ್ದೇವೆ. “ನಮ್ಮ ಸೀಮೆಯಲ್ಲಿ ಇಷ್ಟು ನೀರು ಬರಲಾರದು” ಎಂದು ಅಂಥ ದಿನಗಳ ಅಂಕಿಯನ್ನು ಹೊಡೆದುಹಾಕುವ ಆಜ್ಞೆಯನ್ನು ಬರೆದಿಟ್ಟರೆ ಪ್ರವಾಹವೇ ಪಟ್ಟಿಯಿಂದ ಹರಿದುಹೋಗುವುದು. ಅಪರೂಪವಾದುದಕ್ಕೆ ಗುರುತು ಹಾಕಿ, ಮನುಷ್ಯರಿಂದ ವಿಚಾರಿಸಿ ನೋಡಬೇಕು, ಅಳಿಸಬಾರದು.

ಇಷ್ಟೆಲ್ಲ ಹೇಳಿದುದರ ಸಾರವನ್ನು ಒಂದು ಕ್ರಮವಾಗಿ ಕೊಡುತ್ತೇನೆ. ಮೊದಲನೆಯದಾಗಿ, ಬಂದ ಬೆಲೆ ಅನ್‌ಡಿಫೈನ್ಡ್ ಅಥವಾ ನಲ್ ಆಗಿದ್ದರೆ, ಅಥವಾ ತೆರಪುಗಳನ್ನು ಕತ್ತರಿಸಿದ ಮೇಲೆ ಖಾಲಿ ಬರಹವಾಗಿದ್ದರೆ, ಸಂಖ್ಯೆ ಮಾಡುವ ಗೊಡವೆಗೆ ಹೋಗದೆ ‘ಮಾಹಿತಿಯಿಲ್ಲ’ ಎಂದು ನಲ್ ಗುರುತು ಹಾಕಿರಿ. ಎರಡನೆಯದಾಗಿ, ಕನ್ನಡ ಅಂಕಿಗಳನ್ನು ಮಾರ್ಪಡಿಸಿರಿ, ಅಲ್ಪವಿರಾಮಗಳನ್ನು ತೆಗೆಯಿರಿ. ‘ಟ್ರೇಸ್’ ಎಂದಿದ್ದರೆ ಅದು ಅಳೆದು ನೋಡಿದ ಸಂಗತಿಯಾದ್ದರಿಂದ ಮೊತ್ತಕ್ಕೆ 0 ಹಿಡಿದು ಪಕ್ಕದಲ್ಲಿ ಗುರುತಿಡಿರಿ. ಮೂರನೆಯದಾಗಿ, ನಂಬರ್ ಸಾಧನದಿಂದ ಸಂಖ್ಯೆ ಮಾಡಿ, ನಂಬರ್.ಇಸ್‌ಫೈನೈಟಿನಿಂದ ಪರೀಕ್ಷಿಸಿರಿ. ನಾಲ್ಕನೆಯದಾಗಿ, ಸೊನ್ನೆಗಿಂತ ಕಡಿಮೆಯಾದುದನ್ನು ನಿರಾಕರಿಸಿರಿ. ಐದನೆಯದಾಗಿ, ಉಳಿದವುಗಳ ಸರಾಸರಿ ತೆಗೆಯುವಾಗ ಎಷ್ಟು ಮನೆಗಳಲ್ಲಿ ಅಳತೆಯಿತ್ತೋ ಅಷ್ಟರಿಂದಲೇ ಭಾಗಿಸಿರಿ. ಒಂದರಲ್ಲಿಯೂ ಇಲ್ಲದಿದ್ದರೆ ಸರಾಸರಿಯನ್ನೇ ಕೊಡಬೇಡಿರಿ.

ಇಲ್ಲಿಗೆ ಯಂತ್ರದ ಕೆಲಸ ಮುಗಿಯಿತು. ವಿವೇಕದ ಕೆಲಸ ಮುಗಿಯಲಿಲ್ಲ. ಮೇಲಿನ ಉದಾಹರಣೆಯಲ್ಲಿ ಬರಿದನ್ನು ಬಿಟ್ಟು ತೆಗೆದ 18 ಎಂಬ ಸರಾಸರಿ ಆಳಂದ, ಜೇವರ್ಗಿಗಳ ವಿಷಯವನ್ನು ಹೇಳುತ್ತದೆಯೇ ಹೊರತು ಅಫಜಲಪುರದ ವಿಷಯವನ್ನಲ್ಲ. ನೆರೆಯ ತಾಲೂಕಿನಲ್ಲಿ ಮಳೆಯಾಯಿತೆಂದು ಇಲ್ಲಿಯೂ ಆಯಿತೆನ್ನಲಾದೀತೆ? ನಮ್ಮ ಸೀಮೆಯಲ್ಲಿ ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿರುವಂಥ ಮಳೆ ಎಲ್ಲರಿಗೂ ಗೊತ್ತಿದ್ದುದೇ. ಆದುದರಿಂದ ಸರಾಸರಿಯ ಬದಿಯಲ್ಲಿ “3 ಕೇಂದ್ರಗಳಲ್ಲಿ 2ರ ಅಳತೆ, ಅಫಜಲಪುರದ ಮಾಹಿತಿಯಿಲ್ಲ” ಎಂದು ಬರೆಯುವುದು ಕಡ್ಡಾಯವಾಗಬೇಕು. ಆ ಒಂದು ಸಾಲನ್ನು ಓದಿದವರು ಆ ಊರಿಗೆ ವಿಚಾರಿಸಲು ಒಬ್ಬ ಮನುಷ್ಯನನ್ನು ಕಳಿಸಿಯಾರು. ಸೊನ್ನೆಯನ್ನೋ ಸರಾಸರಿಯನ್ನೋ ತುಂಬಿದ ಮನೆಯನ್ನು ಕಂಡವರು ಯಾರನ್ನೂ ಕಳಿಸುವುದಿಲ್ಲ. ಅವರ ಕಣ್ಣಿಗೆ ಅಲ್ಲಿ ಕೇಳುವುದೇನೂ ಉಳಿದಿರುವುದಿಲ್ಲ.

ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಓದುತ್ತಿರುವ ಮಿತ್ರರೂ ನಾಳೆ ಜನಗಣತಿಯ, ಪೇಟೆಯ ಧಾರಣೆಯ, ಶಾಲೆಯ ಹಾಜರಿಯ ಪಟ್ಟಿಗಳನ್ನು ಕೈಗೆತ್ತಿಕೊಳ್ಳುವವರೇ. ಅವರಲ್ಲಿ ನನ್ನ ವಿಜ್ಞಾಪನೆ ಒಂದೇ: ತಿಳಿಯದುದನ್ನು ‘ತಿಳಿಯದು’ ಎಂದೇ ಬರೆಯಿರಿ, ಮತ್ತು ಕೊನೆಯ ಪುಟದವರೆಗೂ ಅದು ಹಾಗೆಯೇ ಉಳಿಯುವಂತೆ ನೋಡಿಕೊಳ್ಳಿರಿ. ಸೊನ್ನೆಯೂ ಒಂದು ಅಳತೆ. ಅದನ್ನು ಬರೆಯುವ ಅಧಿಕಾರ ಅಳೆದವನಿಗೆ ಮಾತ್ರ ಇದೆ.